ಭೂಮಿಯ ವಿಚಾರಣೆಯಲ್ಲಿ ಲಿಖಿತ ನಿವೇದನ: ಕಿತ್ತೂರು-ಗರಗ ಸೀಮೆಯ ಇತಿಹಾಸದಿಂದ ಕೆಲವು ವಿಚಾರಗಳು

ನೆಲದ ವಿಷಯದಲ್ಲಿ ಸರಕಾರದ ನಿರ್ಣಯವು ತನಗೆ ಪ್ರತಿಕೂಲವಾಗಿ ಬರುವ ಸಂಭವವಿದ್ದಾಗ ಪ್ರಜೆಯು ತನ್ನ ಮಾತನ್ನು ಬರೆದು, ಅದಕ್ಕೆ ಆಧಾರಪತ್ರಗಳನ್ನು ಜೋಡಿಸಿ ಅಧಿಕಾರಿಯ ಮುಂದಿಡುವ ಪದ್ಧತಿಯು ನಮ್ಮ ನಾಡಿಗೆ ಹೊಸತಲ್ಲ. ನಗರಯೋಜನೆಯ ಕರಡು ನಕ್ಷೆಯು ಪ್ರಕಟವಾದಾಗ ಆಕ್ಷೇಪಣೆಯೆಂದೂ, ಭೂಸ್ವಾಧೀನದ ಸೂಚನೆ ಹೊರಟಾಗ ತಕರಾರು ಅರ್ಜಿಯೆಂದೂ, ಆಜ್ಞೆಯಾದ ಬಳಿಕ ಮೇಲ್ಮನವಿಯೆಂದೂ ಇಂದು ಕರೆಯಲ್ಪಡುವ ಬರಹಗಳ ಪೂರ್ವರೂಪಗಳು ಕೈಫಿಯತ್ತು, ಹಕೀಕತ್ತು, ವಿನಂತಿಪತ್ರ ಮುಂತಾದ ಹೆಸರುಗಳಿಂದ ಹಳೆಯ ದಪ್ತರುಗಳಲ್ಲಿ ಉಳಿದುಬಂದಿವೆ. ಸಾಹಿತ್ಯಚರಿತ್ರಕಾರರು ಈ ಗದ್ಯಪ್ರಕಾರವನ್ನು ಬಹುಮಟ್ಟಿಗೆ ಬದಿಗಿಟ್ಟಿರುವರು. ಇತಿಹಾಸಕಾರರಾದರೋ ಇದರೊಳಗಿನ ಸಂಗತಿಗಳನ್ನು ಆಯ್ದುಕೊಳ್ಳುವರಲ್ಲದೆ, ಇದು ಯಾವ ಒತ್ತಡದಲ್ಲಿ ಹೇಗೆ ಸಿದ್ಧವಾಯಿತೆಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಈ ಲೇಖನದ ಉದ್ದೇಶವು.

ವಿಚಾರಕ್ಕೆ ಗರಗದ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಶ್ರೀ ಮಡಿವಾಳೇಶ್ವರ ಮಠದಿಂದಲೂ, ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯ ನೇಯ್ಗೆಯಿಂದಲೂ ಪ್ರಸಿದ್ಧವಾದ ಈ ಗ್ರಾಮವು ಧಾರವಾಡಕ್ಕೂ ಕಿತ್ತೂರಿಗೂ ನಡುವಣ ಪ್ರದೇಶದಲ್ಲಿದೆ. ಬರೆದ ಪತ್ರವೊಂದರ ಸತ್ಯಾಸತ್ಯತೆಯ ಪ್ರಶ್ನೆಯು ಯುದ್ಧಕ್ಕೆ ಕಾರಣವಾದುದು ಇದರ ನೆರೆಯಲ್ಲಿ. ಇನಾಮು ಭೂಮಿಗಳ ಹಕ್ಕುಪತ್ರಗಳನ್ನು ಸರಕಾರವು ಮೊತ್ತಮೊದಲು ಸಾರಾಸಗಟಾಗಿ ಪರೀಕ್ಷಿಸಲು ಹೊರಟುದು ಈ ಧಾರವಾಡದ ಸೀಮೆಯಲ್ಲಿಯೇ. ಇಂದು ಗರಗಕ್ಕೆ ದೂರವಲ್ಲದ ಮುಮ್ಮಿಗಟ್ಟಿ, ಬೇಲೂರುಗಳ ಹೊಲಗಳು ಕೈಗಾರಿಕಾ ಪ್ರದೇಶಗಳಾಗಿ ಮಾರ್ಪಟ್ಟಿವೆ. ಆದುದರಿಂದ ಲಿಖಿತ ನಿವೇದನದ ಪ್ರಶ್ನೆಯು ಇಲ್ಲಿ ಕೇವಲ ಪುರಾತತ್ತ್ವದ ಪ್ರಶ್ನೆಯಾಗಿ ಉಳಿದಿಲ್ಲ.

ಇಂತಹ ಯಾವ ವಿಚಾರಣೆಯನ್ನೇ ಆಗಲಿ ಐದು ಪ್ರಶ್ನೆಗಳಿಂದ ಅಳೆಯಬಹುದೆಂದು ನಮಗೆ ತೋರುತ್ತದೆ. ಬರೆದು ಹೇಳುವ ಅಧಿಕಾರವು ಯಾರಿಗೆ? ಎಷ್ಟು ಮುದತ್ತಿನೊಳಗೆ? ಯಾವ ಬಗೆಯ ಆಧಾರವು ಬೇಕು? ಓದಿ ನಿರ್ಣಯಿಸುವವನು ಯಾರು? ನಿರ್ಣಯಕ್ಕೆ ಕಾರಣವನ್ನು ಹೇಳುವ ಹೊಣೆಯು ಅವನಿಗುಂಟೇ? ಕಾಲಕಾಲಕ್ಕೆ ಈ ಐದಕ್ಕೆ ದೊರೆತ ಉತ್ತರಗಳೇ ನಮ್ಮ ವಿಷಯದ ಇತಿಹಾಸವು.

೧

ಪ್ರಾಚೀನ ಕರ್ನಾಟಕದಲ್ಲಿ ಭೂದಾನದ ಆಧಾರವು ಶಿಲಾಶಾಸನ ಅಥವಾ ತಾಮ್ರಪಟವಾಗಿತ್ತು. ದಾನಿಯ ಮತ್ತು ಪ್ರತಿಗ್ರಾಹಿಯ ಹೆಸರು, ಕಾಲನಿರ್ದೇಶ, ದಾನದ ಉದ್ದೇಶ, ನೆಲದ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ಕೊನೆಗೆ ದಾನವನ್ನು ಅಪಹರಿಸುವವನಿಗೆ ಶಾಪ, ಇವು ಅದರ ಅಂಗಗಳು. ಸ್ವಲ್ಪ ಆಲೋಚಿಸಿದರೆ, ಮುಂದೆ ಎಂದಾದರೊಮ್ಮೆ ಏಳಬಹುದಾದ ತಕರಾರಿಗೆ ಮುಂಗಡವಾಗಿ ಬರೆದಿಟ್ಟ ಉತ್ತರವೇ ಶಾಸನವೆಂಬುದು ಮನದಟ್ಟಾಗುವುದು. ಯಾರು, ಯಾವಾಗ, ಎಷ್ಟು, ಎಲ್ಲಿ, ಯಾರ ಸಮಕ್ಷಮದಲ್ಲಿ ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಸ್ಥಳವಿದೆ. ಶಾಪವೊಂದನ್ನು ಬಿಟ್ಟರೆ ಈ ಅಂಗಗಳೆಲ್ಲವೂ ಇಂದಿನ ಭೂಮಿಯ ಅರ್ಜಿಗೆ ಅವಶ್ಯವಾದವುಗಳೇ. ಶಾಪದ ಸ್ಥಾನಕ್ಕೆ ಕಾಯಿದೆಯ ಕಲಮು ಬಂದಿದೆ ಎಂದು ಹೇಳಬಹುದು.

ಆದರೆ ಶಾಸನವು ಎಲ್ಲರ ಕಣ್ಣಿಗೆ ಬೀಳುವಂತೆ ಊರಿನ ನಡುವೆ ನಿಂತ ಲೇಖ. ಬಹಮನಿ, ಬಿಜಾಪುರ, ಸವಣೂರು, ಪೇಶವೆ ಮೊದಲಾದ ಆಳಿಕೆಗಳಲ್ಲಿ ಕ್ರಮೇಣ ಕಾಗದದ ಸನದು ಪ್ರಬಲವಾಯಿತು. ಕಾಗದವು ಪೆಟ್ಟಿಗೆಯಲ್ಲಿರುವ ವಸ್ತು. ಅದನ್ನು ಗೆದ್ದಲು ತಿನ್ನಬಹುದು, ಬೆಂಕಿ ಸುಡಬಹುದು, ಕಪಟಿಯು ತಿದ್ದಬಹುದು. ಕಲ್ಲಿನಲ್ಲಿ ಊರೇ ಸಾಕ್ಷಿಯಾಗಿದ್ದರೆ ಕಾಗದದಲ್ಲಿ ಶಿಕ್ಕೆಯೂ ದಸ್ಕತ್ತೂ ಸಾಕ್ಷಿಯಾದುವು. ಅಂದಿನಿಂದ, ಪತ್ರದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಆ ಪತ್ರವು ನಿಜವೋ ಕೃತ್ರಿಮವೋ ಎಂಬ ಪ್ರಶ್ನೆಯೇ ಮುಂದಾಯಿತು.

೨

ಈ ಪ್ರಶ್ನೆಯ ಅತ್ಯಂತ ದಾರುಣವಾದ ಉದಾಹರಣೆಯು ಕಿತ್ತೂರಿನದು. ೧೮೨೪ನೆಯ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಔರಸ ಸಂತಾನವಿಲ್ಲದೆ ತೀರಿಕೊಂಡನು. ದತ್ತಕವನ್ನು ತೆಗೆದುಕೊಂಡ ವಿಷಯವನ್ನು ತಿಳಿಸುವ ಪತ್ರವು ಧಾರವಾಡದ ಕಲೆಕ್ಟರನಾದ ಥ್ಯಾಕರೆಯ ಕೈಸೇರಿತು. ಪತ್ರದ ಮೇಲಿನ ದಸ್ಕತ್ತನ್ನೇ ಅವನು ಶಂಕಿಸಿದನು. ದತ್ತಕವು ದೇಸಾಯಿಯ ಬುದ್ಧಿಪೂರ್ವಕವಾದ ಕೃತಿಯೆಂಬುದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ದಕ್ಷಿಣದ ಕಮಿಷನರನಾದ ಚಾಪ್ಲಿನನಿಗೂ ಮುಂಬಯಿಯ ಗವರ್ನರನಾದ ಎಲ್ಫಿನ್‌ಸ್ಟನನಿಗೂ ತನ್ನ ಅಹವಾಲನ್ನು ಬರೆದು ಕಳಿಸಿದಳು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕೆಳಗಿನ ಅಧಿಕಾರಿಯ ತೀರ್ಮಾನದ ವಿರುದ್ಧ ಮೇಲಿನವರಿಗೆ ಆಕೆ ಮನವಿ ಮಾಡಿಕೊಂಡಳು. ಅದರಿಂದ ಫಲ ದೊರೆಯಲಿಲ್ಲ. ೧೮೨೪ನೆಯ ಅಕ್ಟೋಬರ್ ೨೩ರಂದು ಕೋಟೆಯ ಮುಂದಣ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಡಿಸೆಂಬರಿನಲ್ಲಿ ಕೋಟೆಯು ಆಂಗ್ಲರ ವಶವಾಯಿತು.

ಕಿತ್ತೂರಿನ ಶೌರ್ಯವನ್ನು ಕುರಿತು ಬಹಳ ಬರೆಯಲಾಗಿದೆ. ಇಲ್ಲಿ ಗಮನಿಸತಕ್ಕುದು ವಿಚಾರಣೆಯ ರೀತಿಯೊಂದನ್ನೇ. ಪತ್ರವನ್ನು ಶಂಕಿಸಿದವನೂ ಅದರ ಸತ್ಯಾಸತ್ಯವನ್ನು ತೀರ್ಮಾನಿಸಿದವನೂ ಒಬ್ಬನೇ ಅಧಿಕಾರಿ. ಪತ್ರವು ಸುಳ್ಳಾದರೆ ಸಂಸ್ಥಾನವು ಸೇರುವುದು ಅವನ ಯಜಮಾನರಾದ ಕಂಪನಿಯವರಿಗೇ. ನಿರ್ಣಯಿಸುವವನು ಲಾಭಭಾಗಿಯೂ ಆಗಿರುವಲ್ಲಿ ಎಷ್ಟೇ ಸಮರ್ಥವಾದ ನಿವೇದನವಾದರೂ ಅರ್ಧ ಸೋತಂತೆಯೇ ಸರಿ.

ಇದೇ ಘಟನೆಯಲ್ಲಿ ಕಿತ್ತೂರಿನವರ ಸೆರೆಯಾಳಾಗಿದ್ದ ತರುಣ ಅಧಿಕಾರಿ ವಾಲ್ಟರ್ ಎಲಿಯಟ್‌ನು ಬಿಡುಗಡೆಯಾದ ಮೇಲೆ ಹಲವು ವರ್ಷ ಈ ಸೀಮೆಯಲ್ಲಿ ಉಳಿದು ಸುಮಾರು ೬೦೦ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಮುಂದೆ ಫ್ಲೀಟ್ ಮೊದಲಾದವರು ಕಟ್ಟಿದ ಕನ್ನಡ ರಾಜವಂಶಗಳ ಇತಿಹಾಸಕ್ಕೆ ಆ ಸಂಗ್ರಹವು ಒಂದು ಮುಖ್ಯ ಅಡಿಪಾಯವಾಯಿತು. ಅವುಗಳಲ್ಲಿ ಬಹುಭಾಗವು ಭೂದಾನದ ಪತ್ರಗಳೇ. ಜೀವಂತ ಮನೆತನವೊಂದರ ಪತ್ರಕ್ಕೆ ದೊರೆಯದ ಮನ್ನಣೆಯು ಅಳಿದುಹೋದ ಮನೆತನಗಳ ಪತ್ರಗಳಿಗೆ ದೊರೆತುದು ಇತಿಹಾಸದ ವೈಚಿತ್ರ್ಯವೇ ಸರಿ.

೩

ಕಿತ್ತೂರಿನ ಪತನದ ಎರಡು ದಶಕಗಳೊಳಗಾಗಿ ಅದೇ ಬಗೆಯ ಸಂಶಯವು ಸಂಸ್ಥಾನಿಕರನ್ನು ದಾಟಿ ಸಾಮಾನ್ಯ ಇನಾಮುದಾರನ ಮನೆಬಾಗಿಲಿಗೆ ಬಂದಿತು. ದಕ್ಷಿಣ ಮಹಾರಾಷ್ಟ್ರವೆಂದು ಆಂಗ್ಲರು ಕರೆಯುತ್ತಿದ್ದ ನಮ್ಮ ಸೀಮೆಯಲ್ಲಿ ಬಹಳಷ್ಟು ಭೂಮಿಯು ಸಾಕಷ್ಟು ಆಧಾರವಿಲ್ಲದೆ ಕರಮುಕ್ತವಾಗಿ ಅನುಭವಿಸಲ್ಪಡುತ್ತಿದೆ ಎಂಬುದು ಕಂದಾಯದ ಅಧಿಕಾರಿಗಳ ಅಭಿಪ್ರಾಯವಾಗಿತ್ತು. ಗೋಲ್ಡ್‌ಸ್ಮಿಡ್‌ನ ಪ್ರಯತ್ನದಿಂದ ೧೮೪೩ರಲ್ಲಿ ಇದರ ತನಿಖೆಯು ಆರಂಭವಾಯಿತು. ಅದೇ ಮುಂದೆ ಇನಾಮು ಕಮಿಷನ್ ಎಂದು ಪ್ರಸಿದ್ಧವಾದುದು. ೧೮೫೨ರ ೧೧ನೆಯ ಕಾಯಿದೆಯು ಅದಕ್ಕೆ ನಿಯಮಗಳನ್ನೂ ಬಲವನ್ನೂ ಒದಗಿಸಿತು.

ಆ ನಿಯಮಗಳಲ್ಲಿ ಎರಡನ್ನು ಇಲ್ಲಿ ಗಮನಿಸುವುದು ಅವಶ್ಯ. ಆಂಗ್ಲರ ಆಳಿಕೆ ಆರಂಭವಾಗುವುದಕ್ಕೆ ಮುಂಚೆ ೬೦ ವರ್ಷ ಅವಿಚ್ಛಿನ್ನವಾಗಿ ಇನಾಮಾಗಿ ನಡೆದುಬಂದು, ಆ ಆರಂಭಕಾಲದಲ್ಲಿ ಮೂಲಗ್ರಾಹಕನ ಮೊಮ್ಮಗನ ಅಥವಾ ಅವನ ಪುರುಷಸಂತತಿಯವರ ಕೈಯಲ್ಲಿದ್ದ ಭೂಮಿಯು ಪುರುಷಸಂತತಿ ಇರುವವರೆಗೆ ಮುಂದುವರಿಯತಕ್ಕದ್ದು. ೪೦ ವರ್ಷ ನಡೆದುಬಂದು ಮಗನ ಕೈಯಲ್ಲಿದ್ದುದಾದರೆ ಇನ್ನೊಂದು ಉತ್ತರಾಧಿಕಾರದವರೆಗೆ ಮಾತ್ರ.

ನಮ್ಮ ಸೀಮೆಗೆ ಈ ಲೆಕ್ಕವನ್ನು ಅನ್ವಯಿಸಿ ನೋಡತಕ್ಕುದು. ಇಲ್ಲಿ ಆಂಗ್ಲರ ಆಳಿಕೆಯು ಮನ್ರೋನ ದಂಡಯಾತ್ರೆಯ ಫಲವಾಗಿ ೧೮೧೮ರಲ್ಲಿ ನೆಲೆಗೊಂಡಿತು. ಅದರಿಂದ ೬೦ ವರ್ಷ ಹಿಂದಕ್ಕೆಂದರೆ ೧೭೫೮. ೪೦ ವರ್ಷ ಹಿಂದಕ್ಕೆಂದರೆ ೧೭೭೮. ಸವಣೂರ ನವಾಬರ ಅಧಿಕಾರವು ಕುಗ್ಗಿ ಪೇಶವೆಯರದು ಬೆಳೆದುದು ಆ ಶತಮಾನದ ನಡುಭಾಗದಲ್ಲಿ. ೧೭೭೮ರಲ್ಲಿಯೇ ಧಾರವಾಡವು ಹೈದರನ ಕೈಸೇರಿತು. ೧೭೮೫ರಲ್ಲಿ ಟಿಪ್ಪುವಿನ ಸೇನೆಯು ನರಗುಂದವನ್ನು ಹಿಡಿಯಿತು. ೧೭೯೧ರಲ್ಲಿ ದೀರ್ಘವಾದ ಮುತ್ತಿಗೆಯ ಬಳಿಕ ಪರಶುರಾಮಭಾವು ಪಟವರ್ಧನನು ಧಾರವಾಡದ ಕೋಟೆಯನ್ನು ಮರಳಿ ಪಡೆದನು. ಎಂದರೆ ಯಾವ ಅರುವತ್ತು ವರ್ಷಗಳ ಅವಿಚ್ಛಿನ್ನ ದಾಖಲೆಯನ್ನು ಕಮಿಷನ್ನು ಕೇಳಿತೋ ಆ ಅರುವತ್ತು ವರ್ಷಗಳಲ್ಲಿ ನಾಡು ಮತ್ತೆ ಮತ್ತೆ ಕೈಬದಲಾಗಿತ್ತು. ದಂಡು ನಡೆದ ದಾರಿಯ ಹಳ್ಳಿಗಳಲ್ಲಿ ಜನರು ಮೊದಲು ಉಳಿಸಿಕೊಂಡುದು ಜೀವವನ್ನೂ ಬೀಜದ ಕಾಳನ್ನೂ ಆಗಿರಬೇಕಲ್ಲದೆ ಕಾಗದವನ್ನಲ್ಲವೆಂದು ಊಹಿಸುವುದು ಅಸಂಗತವಾಗಲಾರದು.

ಪುರುಷಸಂತತಿಯೆಂಬ ನಿಯಮದ ಭಾರವು ಇನ್ನೂ ಹೆಚ್ಚಿನದು. ವಿಧವೆಯ ಅಥವಾ ಮಗಳ ಕೈಗೆ ಬಂದ ಇನಾಮಿಗೆ ಈ ನಿಯಮಗಳಲ್ಲಿ ಆಸರೆಯಿರಲಿಲ್ಲ. ದತ್ತಕದ ಪ್ರಶ್ನೆಯು ಕಿತ್ತೂರಿನಲ್ಲಿ ಹೇಗೋ ಹಾಗೆಯೇ ಹಳ್ಳಿಯ ಮನೆಗಳಲ್ಲಿಯೂ ಭೂಮಿಯ ಅಳಿವು ಉಳಿವುಗಳ ಪ್ರಶ್ನೆಯಾಯಿತು.

ಇನಾಮುದಾರನು ವಂಶಾವಳಿಯೊಡನೆ ಕೈಫಿಯತ್ತನ್ನು ಬರೆದುಕೊಟ್ಟು ಮೂಲಸನದುಗಳನ್ನು ಹಾಜರುಪಡಿಸಬೇಕಾಗಿತ್ತು. ಅವನ ಮಾತನ್ನು ತಾಳೆ ನೋಡಲು ಕಮಿಷನ್ನಿನ ವಶದಲ್ಲಿದ್ದ ದೊಡ್ಡ ಸಾಧನವೆಂದರೆ ಪುಣೆಯ ಪೇಶವೆ ದಪ್ತರು. ಆ ದಪ್ತರಿನ ಲೆಕ್ಕಗಳು ಬಹುತೇಕ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿದ್ದುವು. ಊರಿನ ಕಾಗದಗಳಾದರೋ ಕನ್ನಡದವು. ಹಳೆಯ ಸನದುಗಳಲ್ಲಿ ಕೆಲವು ಪಾರಸಿಯವು. ಇನ್ನೂ ಹಳೆಯವು ಹಳಗನ್ನಡ ಶಾಸನಗಳು. ಒಂದೇ ತುಂಡು ನೆಲದ ಕಥೆಯು ನಾಲ್ಕು ಬರಹಗಳಲ್ಲಿ ಹಂಚಿಹೋಗಿರಲು, ಅವೆಲ್ಲವನ್ನೂ ಓದಬಲ್ಲವರು ಊರಿನಲ್ಲಿ ಯಾರಿದ್ದರು? ಇನಾಮುದಾರನು ತನ್ನ ಪ್ರತಿಪಕ್ಷದ ದಾಖಲೆಯನ್ನು ಸ್ವತಃ ಓದಿ ಉತ್ತರಿಸುವುದು ಬಹುಮಟ್ಟಿಗೆ ದುಸ್ಸಾಧ್ಯವಾಗಿತ್ತು.

ಮೇಲ್ಮನವಿಗೆ ಅವಕಾಶವಿತ್ತು, ಆದರೆ ಅದು ಕೊನೆಗೆ ಮುಟ್ಟುತ್ತಿದ್ದುದು ಮುಂಬಯಿ ಸರಕಾರವನ್ನೇ. ಸಾಮಾನ್ಯ ದಿವಾಣಿ ನ್ಯಾಯಾಲಯಗಳಿಗೆ ಈ ವ್ಯವಹಾರದಲ್ಲಿ ಪ್ರವೇಶವಿರಲಿಲ್ಲ. ಅಂದಿನ ಇತಿಹಾಸಕಾರರಲ್ಲಿ ಒಬ್ಬನಾದ ಮ್ಯಾಲಿಸನ್‌ನು ಹೇಳುವ ಪ್ರಕಾರ, ಕಮಿಷನ್ನು ಹಕ್ಕುಪತ್ರ ತೋರಿಸೆಂದು ಕೇಳಿದ ೩೫,೦೦೦ದಷ್ಟು ಹಿಡುವಳಿಗಳಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಮೊದಲ ಐದು ವರ್ಷಗಳಲ್ಲಿ ಜಪ್ತಿಯಾದುವು. ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದ ಈ ಲೆಕ್ಕವನ್ನು ಎಚ್ಚರಿಕೆಯಿಂದ ಬಳಸತಕ್ಕುದು. ಒಂದೊಂದು ಜಿಲ್ಲೆಯ ಪ್ರತ್ಯೇಕ ಚಿತ್ರವು ಇದರಲ್ಲಿಲ್ಲ. ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಕೃತ್ರಿಮ ಸನದುಗಳು ಇದ್ದುದು ಸುಳ್ಳಲ್ಲ. ಕೆಲವರ ಕರಮುಕ್ತ ಭೂಮಿಯ ಹೊರೆಯು ಕರ ಕೊಡುವ ಉಳಿದ ಒಕ್ಕಲಿಗರ ಮೇಲೆ ಬೀಳುವುದೆಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ತಪ್ಪಿದ್ದುದು ಪರೀಕ್ಷಿಸಿದುದರಲ್ಲಿಯಲ್ಲ, ಪುರಾವೆಯ ಭಾರವನ್ನೆಲ್ಲ ಒಂದೇ ಕಡೆಗೆ ಹೊರಿಸಿ, ತೀರ್ಪಿನ ಅಧಿಕಾರವನ್ನೆಲ್ಲ ಇನ್ನೊಂದು ಕಡೆಗೆ ಇಟ್ಟುದರಲ್ಲಿ.

ಇದರ ಪರಿಣಾಮವು ಬೇಗನೆ ತಿಳಿದುಬಂದಿತು. ದತ್ತಕಕ್ಕೆ ಒಪ್ಪಿಗೆ ದೊರೆಯದ ನರಗುಂದದ ಬಾಬಾಸಾಹೇಬನು ೧೮೫೮ರಲ್ಲಿ ಬಂಡೆದ್ದನು. ಆ ವರ್ಷದ ಮೇ ತಿಂಗಳಿನಲ್ಲಿ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನು ಹಿಂದೆ ಇನಾಮು ಕಮಿಷನ್ನಿನಲ್ಲಿ ಕೆಲಸಮಾಡಿದವನೆಂಬುದು ಆಕಸ್ಮಿಕವೆಂದು ಎಣಿಸಲಾಗದು. ೧೮೬೩ರ ಕಾಯಿದೆಗಳಿಂದ ಸರಕಾರವು ಹಾದಿಯನ್ನು ಬದಲಿಸಿತು. ನಿಯತವಾದ ವಾರ್ಷಿಕ ಜೂಡಿಯನ್ನು ಒಪ್ಪಿಕೊಂಡ ಇನಾಮುದಾರನು ದೀರ್ಘ ತನಿಖೆಯಿಲ್ಲದೆ ಭೂಮಿಯನ್ನು ಉಳಿಸಿಕೊಳ್ಳಬಹುದಾಯಿತು.

೪

ಇನಾಮು ಕಮಿಷನ್ನಿನ ಮುಂದೆ ಬರೆದುಕೊಂಡವರು ಭೂಮಿಯ ಒಡೆಯರೆನಿಸಿಕೊಂಡವರು. ಆ ಭೂಮಿಯನ್ನು ಉತ್ತವನ ಮಾತಿಗೆ ಕಾಯಿದೆಯಲ್ಲಿ ಸ್ಥಾನ ದೊರೆಯಲು ಇನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ ಗೇಣಿದಾರನು ನಮೂನೆ ೭ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಕೊಡಬೇಕಾಗಿತ್ತು. ಅದಕ್ಕೆ ಕೊನೆಯ ಮುದತ್ತು ೧೯೭೯ನೆಯ ಜೂನ್ ೩೦ ಎಂದು ನಿಶ್ಚಯವಾಯಿತು. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಹೆಸರುಳ್ಳವನ ಕೈ ಮೇಲಾಯಿತು. ಹೆಸರಿಲ್ಲದವನು ಸಾಕ್ಷಿಗಳನ್ನು ಹುಡುಕಬೇಕಾಯಿತು. ಅರ್ಜಿಯನ್ನೇ ಕೊಡದವನಿಗೆ ಆ ದಾರಿಯು ಮುಚ್ಚಿತು. ಕಾಯಿದೆಯ ಉದ್ದೇಶವು ಎಷ್ಟೇ ಉದಾರವಾಗಿದ್ದರೂ ಮುದತ್ತು ಮತ್ತು ಕಾಗದಗಳೆಂಬ ಎರಡು ಬಾಗಿಲುಗಳನ್ನು ದಾಟಿಯೇ ಅದರ ಫಲವು ಮನೆಗೆ ಬರತಕ್ಕುದೆಂಬುದು ಇದರಿಂದ ಸ್ಪಷ್ಟವಾಗುವುದು.

ಸಾರ್ವಜನಿಕ ಕಾರ್ಯಕ್ಕಾಗಿ ಭೂಮಿಯನ್ನು ತೆಗೆದುಕೊಳ್ಳುವ ವಿಷಯದಲ್ಲಿಯೂ ಇದೇ ಬಗೆಯ ನಿಧಾನಗತಿಯ ಬೆಳವಣಿಗೆಯನ್ನು ಕಾಣುವೆವು. ೧೮೯೪ರ ಭೂಸ್ವಾಧೀನ ಕಾಯಿದೆಯಲ್ಲಿ ಒಡೆಯನು ಪರಿಹಾರದ ಮೊತ್ತವನ್ನು ಕುರಿತು ವಾದಿಸಬಹುದಾಗಿತ್ತು. ಭೂಮಿಯನ್ನು ತೆಗೆದುಕೊಳ್ಳುವುದೇ ಯುಕ್ತವಲ್ಲವೆಂದು ಹೇಳುವ ಹಕ್ಕನ್ನು ಆ ಕಾಯಿದೆಯು ಕೊಟ್ಟಿರಲಿಲ್ಲ. ೧೯೨೩ರಲ್ಲಿ ೫-ಎ ಕಲಮನ್ನು ಸೇರಿಸಿದ ಮೇಲೆಯೇ ೩೦ ದಿನಗಳೊಳಗೆ ಬರೆದು ಆಕ್ಷೇಪಿಸುವ ಹಕ್ಕು ಹುಟ್ಟಿತು. ೨೦೧೩ರ ಕಾಯಿದೆಯು ಈ ಅವಧಿಯನ್ನು ೬೦ ದಿನಗಳಿಗೆ ಏರಿಸಿತು. ಕೈಗಾರಿಕಾ ಪ್ರದೇಶಗಳಿಗಾಗಿ ಕರ್ನಾಟಕದಲ್ಲಿ ೧೯೬೬ರಲ್ಲಿ ಮಾಡಿದ ಪ್ರತ್ಯೇಕ ಕಾಯಿದೆಯಲ್ಲಿ ಕಾರಣ ತೋರಿಸಲು ೩೦ ದಿನಗಳಿಗೆ ಕಡಿಮೆಯಿಲ್ಲದ ಕಾಲವನ್ನು ಕೊಟ್ಟು, ಒಡೆಯನ ಮಾತನ್ನು ಕೇಳಿದ ಮೇಲೆ ಆಜ್ಞೆ ಮಾಡಬೇಕೆಂದಿದೆ.

ಇವೆಲ್ಲವುಗಳಲ್ಲಿ ಬರೆಯುವ ಹಕ್ಕು ಭೂಮಿಯಲ್ಲಿ ಹಿತಸಂಬಂಧವುಳ್ಳವನದು. ೧೯೬೧ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಯೋಜನೆಯ ನಕ್ಷೆಯು ಪ್ರಕಟವಾದಾಗ ಸಾರ್ವಜನಿಕರಲ್ಲಿ ಯಾರೇ ಆಗಲಿ ನಿಯತಕಾಲದೊಳಗೆ ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬಹುದು. ಯೋಜನಾ ಪ್ರಾಧಿಕಾರವು ಅದನ್ನು ಪರ್ಯಾಲೋಚಿಸತಕ್ಕದ್ದು. ಮನೆ, ಹೊಲ, ಖಾತೆ ಒಂದೂ ಇಲ್ಲದವನು ಕೂಡ ಊರಿನ ಕೆರೆ, ಗೋಮಾಳ, ದಾರಿಗಳ ಪರವಾಗಿ ಮಾತನಾಡಲು ಇದರಿಂದ ಅಧಿಕಾರಿಯಾದನು. ನಾವು ಮೊದಲು ಹೇಳಿದ ಐದು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇದಕ್ಕಿಂತ ಉದಾರವಾದ ಉತ್ತರವು ನಮ್ಮ ಭೂಮಿಯ ಕಾಯಿದೆಗಳಲ್ಲಿ ಹಿಂದೆ ದೊರೆತಿರಲಿಲ್ಲ.

ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗಳು ಮಾತ್ರ ಇಷ್ಟು ಸುಲಭವಾಗಿ ತೀರುವುದಿಲ್ಲ. ೧೯೪೭ರ ಯೋಜನಾ ಕಾಯಿದೆಯನ್ನು ಮಾಡಿಕೊಂಡ ಇಂಗ್ಲೆಂಡಿನಲ್ಲಿಯೂ ಇವು ತಲೆದೋರಿದುವು. ಅಲ್ಲಿ ಕಟ್ಟಡಕ್ಕೆ ಅನುಮತಿ ನಿರಾಕರಿಸಲ್ಪಟ್ಟವನು ಮಂತ್ರಿಗೆ ಮೇಲ್ಮನವಿ ಮಾಡಬಹುದಾಗಿತ್ತು. ವಿಚಾರಣೆ ನಡೆಸಿದ ಅಧಿಕಾರಿಯ ವರದಿಯು ಅರ್ಜಿದಾರನ ಕಣ್ಣಿಗೆ ಬೀಳುತ್ತಿರಲಿಲ್ಲ. ೧೯೫೭ರಲ್ಲಿ ಫ್ರಾಂಕ್ಸ್ ಸಮಿತಿಯು ಇಂತಹ ವಿಚಾರಣೆಗಳಿಗೆ ಮುಚ್ಚುಮರೆಯಿಲ್ಲದಿರುವಿಕೆ, ನ್ಯಾಯಪರತೆ, ನಿಷ್ಪಕ್ಷಪಾತ ಎಂಬ ಮೂರು ಲಕ್ಷಣಗಳಿರಬೇಕೆಂದೂ, ನಿರ್ಣಯಕ್ಕೆ ಕಾರಣಗಳನ್ನು ಕೊಡಬೇಕೆಂದೂ ಸೂಚಿಸಿತು. ಇನಾಮು ಕಮಿಷನ್ನಿಗೆ ಈ ಮೂರು ಲಕ್ಷಣಗಳನ್ನು ಹಚ್ಚಿ ನೋಡಿದರೆ ಅದರ ಕೊರತೆಯು ಎಲ್ಲಿತ್ತೆಂಬುದು ಸ್ಪಷ್ಟವಾಗುವುದು. ನಮ್ಮಲ್ಲಿ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯು ಕಡತದ ನಕಲನ್ನು ಕೇಳಿ ಪಡೆಯುವ ದಾರಿಯನ್ನು ತೆರೆದಿದೆ. ಪೇಶವೆ ದಪ್ತರಿನ ಲೆಕ್ಕವನ್ನು ನೋಡಲಾರದೆ ಸೋತ ಇನಾಮುದಾರನಿಗೆ ಈ ಹಕ್ಕು ದೊರೆತಿರಲಿಲ್ಲ.

೫

ನಿವೇದನವು ಹೇಗಿರಬೇಕೆಂಬುದಕ್ಕೂ ಇತಿಹಾಸದಲ್ಲಿ ಪಾಠವುಂಟು. ರಾಜ್ಯ ಪುನರ್ವಿಂಗಡಣಾ ಆಯೋಗವು ತನ್ನ ೧೯೫೫ರ ವರದಿಯಲ್ಲಿ ತನಗೆ ಬಂದ ಬರಹಗಳ ಸಂಖ್ಯೆಯನ್ನು ೧,೫೨,೨೫೦ ಎಂದು ಹೇಳಿ, ಅವುಗಳಲ್ಲಿ ವಿಚಾರಪೂರ್ಣವಾದ ನಿವೇದನಗಳು ಸುಮಾರು ೨,೦೦೦ವನ್ನು ಮೀರುವುದಿಲ್ಲವೆಂದು ಬರೆದಿದೆ. ಉಳಿದವುಗಳಲ್ಲಿ ಬಹಳಷ್ಟು ತಂತಿಗಳೂ ಅಚ್ಚುಹಾಕಿದ ಠರಾವುಗಳೂ ಆಗಿದ್ದುವು. ಇಷ್ಟು ಬರಹಗಳು ಬಂದುದು ಜನರ ಭಾವನೆಯ ತೀವ್ರತೆಗೆ ಪ್ರಮಾಣವೇ ಹೌದು. ಆದರೆ ಓದುವವನು ಉತ್ತರ ಕೊಡಲೇಬೇಕಾದಂತಹ ವಾದವು ಇನ್ನೊಂದು ಬಗೆಯದು.

ಹಳೆಯ ಶಾಸನಗಳ ಕ್ರಮವನ್ನೇ ಅನುಸರಿಸಿ ಇಂತಹ ವಾದದ ಅಂಗಗಳನ್ನು ಹೀಗೆ ಎಣಿಸಬಹುದು. ಬರೆಯುವವನು ಯಾರು, ಆ ನೆಲಕ್ಕೂ ತನಗೂ ಏನು ಸಂಬಂಧ ಎಂಬುದು ಮೊದಲು. ಯಾವ ತಾರೀಖಿನ ಯಾವ ಪ್ರಕಟಣೆಗೆ ಇದು ಉತ್ತರವೆಂಬುದು ಎರಡನೆಯದು. ಸರ್ವೆ ನಂಬರು, ಕ್ಷೇತ್ರ, ಚಕಬಂದಿ ಮೂರನೆಯದು. ಆಕ್ಷೇಪಣೆಯ ಕಾರಣಗಳು ಒಂದೊಂದಾಗಿ, ಒಂದರೊಡನೆ ಇನ್ನೊಂದು ಕಲಸಿಹೋಗದಂತೆ, ನಾಲ್ಕನೆಯದು. ಪ್ರತಿಯೊಂದು ಕಾರಣಕ್ಕೂ ಉತಾರೆ, ನಕ್ಷೆ, ಹಳೆಯ ಠರಾವು ಮುಂತಾದ ಆಧಾರವನ್ನು ಅಂಕೆಯೊಡನೆ ಸೂಚಿಸುವುದು ಐದನೆಯದು. ತನಗೆ ಬೇಕಾದ ಪರಿಹಾರವೇನೆಂಬುದನ್ನು ನಿರ್ದಿಷ್ಟವಾಗಿ ಕೇಳುವುದು ಕೊನೆಯದು. ಮೂಲಪತ್ರವನ್ನು ಮನೆಯಲ್ಲಿಟ್ಟುಕೊಂಡು ನಕಲನ್ನು ಕೊಡುವುದು, ಕೊಟ್ಟುದಕ್ಕೆ ತಾರೀಖು ಮತ್ತು ಮೊಹರುಳ್ಳ ಸ್ವೀಕೃತಿಯನ್ನು ಪಡೆಯುವುದು, ಇವು ಚಿಕ್ಕ ವಿಷಯಗಳೆಂದು ತೋರಿದರೂ ಮುಂದಿನ ಅಪೀಲಿನಲ್ಲಿ ಪ್ರಾಣಪ್ರಾಯವಾದವುಗಳು. ಮುದತ್ತು ಮೀರಿದ ಸತ್ಯಕ್ಕಿಂತ ಮುದತ್ತಿನೊಳಗಿನ ಅರೆಸತ್ಯಕ್ಕೆ ಕಚೇರಿಗಳಲ್ಲಿ ಬೆಲೆ ಹೆಚ್ಚೆಂಬುದು ವಿಷಾದಕರವಾದರೂ ಅನುಭವಸಿದ್ಧವಾದ ಮಾತು.

ಇಷ್ಟಾದರೂ ನಿವೇದನವು ಸೋಲಬಹುದು. ಕಿತ್ತೂರಿನದು ಸೋತಿತು, ಇನಾಮುದಾರರಲ್ಲಿ ಅನೇಕರದು ಸೋತಿತು. ಆದರೆ ಸೋತ ಕೈಫಿಯತ್ತುಗಳು ನಾಶವಾಗಲಿಲ್ಲ. ಮನೆತನದ ಹೆಸರು, ಊರು ಕಟ್ಟಿದ ಕ್ರ‍ಮ, ಕೆರೆಯ ಹಕ್ಕು, ದೇವಸ್ಥಾನದ ನಡಾವಳಿ ಮೊದಲಾದುವು ಅವುಗಳ ಆಶ್ರಯದಿಂದಲೇ ನಮ್ಮ ಕಾಲದವರೆಗೆ ಬಂದಿವೆ. ಪೇಶವೆ ದಪ್ತರಿನಿಂದ ಸರದೇಸಾಯಿಯವರು ೪೫ ಸಂಪುಟಗಳಷ್ಟು ಕಾಗದಗಳನ್ನು ಆರಿಸಿ ಪ್ರಕಟಿಸಿದುದನ್ನೂ, ಮೆಕೆಂಜಿಯು ಕೂಡಿಸಿದ ಕನ್ನಡ ಕೈಫಿಯತ್ತುಗಳನ್ನು ಕಲಬುರ್ಗಿಯವರು ಸಂಪಾದಿಸಿಕೊಟ್ಟುದನ್ನೂ ವಾಚಕರು ಬಲ್ಲರು. ಕಚೇರಿಯ ನಿರ್ಣಯವು ಒಂದು ದಿನದ್ದು. ಕಚೇರಿಗೆ ಬರೆದುಕೊಟ್ಟ ಮಾತು ಬಹುಕಾಲದ್ದು.

ಆದರೆ ಆ ಮಾತು ಉಳಿದುದು ಎಲ್ಲಿ ಎಂಬುದನ್ನು ಮರೆಯಲಾಗದು. ಅದು ಉಳಿದುದು ಪುಣೆಯಲ್ಲಿ, ಮುಂಬಯಿಯಲ್ಲಿ, ಮದರಾಸಿನಲ್ಲಿ, ಲಂಡನ್ನಿನಲ್ಲಿ. ಬರೆದುಕೊಟ್ಟ ಹಳ್ಳಿಯಲ್ಲಿ ಅದರ ಪ್ರತಿಯು ಉಳಿದುದು ಅತಿ ವಿರಳ. ಮುಂದಿನ ತಲೆಮಾರಿನವರು ಇನ್ನೊಂದು ವಿಚಾರಣೆಗೆ ನಿಂತಾಗ ಹಿಂದಿನವರು ಏನು ಹೇಳಿದ್ದರು, ಸರಕಾರವು ಏನು ಉತ್ತರಿಸಿತ್ತು ಎಂಬುದು ತಿಳಿಯದೆ ಮೊದಲಿನಿಂದ ತೊಡಗಬೇಕಾಗುವುದು ಇದರಿಂದಲೇ. ಗರಗದಂತಹ ಪ್ರತಿಯೊಂದು ದೊಡ್ಡ ಗ್ರಾಮದಲ್ಲಿಯೂ ಮಠದಲ್ಲಾಗಲಿ ಶಾಲೆಯಲ್ಲಾಗಲಿ ವಾಚನಾಲಯದಲ್ಲಾಗಲಿ ಊರಿನ ದಪ್ತರೊಂದು ಇರತಕ್ಕುದು. ಊರಿನಿಂದ ಹೋದ ಪ್ರತಿಯೊಂದು ತಕರಾರಿನ ನಕಲೂ, ಅದಕ್ಕೆ ಬಂದ ಉತ್ತರವೂ, ಉತ್ತರ ಬಾರದಿದ್ದರೆ ಬಾರಲಿಲ್ಲವೆಂಬ ಟಿಪ್ಪಣಿಯೂ ಅಲ್ಲಿ ಕಾಲಕ್ರಮದಿಂದ ಸಂಗ್ರಹವಾಗಬೇಕು. ಅಕ್ಷರಬಲ್ಲ ಉಪಾಧ್ಯಾಯರಿಗೆ ಇದಕ್ಕಿಂತ ಉಪಯುಕ್ತವಾದ ಇತಿಹಾಸಸೇವೆಯು ಸುಲಭವಾಗಿ ದೊರೆಯದು. ಪ್ರತಿಪಕ್ಷದ ಪೆಟ್ಟಿಗೆಯಲ್ಲಿ ಮಾತ್ರ ದಾಖಲೆಯಿದ್ದ ಕಾಲದಲ್ಲಿ ನಮ್ಮ ಹಿರಿಯರು ಏನನ್ನು ಕಳೆದುಕೊಂಡರೆಂಬುದನ್ನು ಮೇಲಿನ ಸಂಗತಿಗಳು ತೋರಿಸುತ್ತವೆ. ಮುಂದಿನವರು ಅದನ್ನೇ ಪುನಃ ಕಳೆದುಕೊಳ್ಳದಿರುವುದು ನಮ್ಮ ಕೈಯಲ್ಲಿದೆ.